ಡಾನ್ ಆಫ್ ವಾರ್ 3 ತಗೊಳ್ಳಲಾ ಅಂದವರಿಗೆ

ಸೈನ್ಯ ಕಟ್ಟಿ ಯುದ್ಧ ಮಾಡುವ ಕಂಪ್ಯೂಟರ್ ಆಟ, ಮೊದಲ ಡಾನ್ ಆಫ್ ವಾರ್ ತುಂಬಾ ಇಷ್ಟ, ಮೂರನೆಯದು ಈಗ ಅರ್ಧ ಬೆಲೆಗಿದೆ, ತಗೊಳ್ಳಲಾ ಅಂತ ಕೇಳಿದ್ದೀರಿ. ನನ್ನನ್ನು ಕೇಳಿದರೆ, ಬೇಡ.

2004ರ ಮೊದಲ ಆಟವನ್ನು ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಜೋಡಿಸಿಕೊಂಡ ಪಿಸಿಯಲ್ಲಿ ರಾತ್ರಿಯಿಡೀ ಆಡಿದವನು ನಾನು. 2017ರಲ್ಲಿ ಮೂರನೆಯದು ಬಂದಾಗ ಹಿಂದೆ ಮುಂದೆ ನೋಡದೆ ಪೂರ್ತಿ ದುಡ್ಡು ಕೊಟ್ಟೆ. ಕೆಟ್ಟಿದ್ದು ಎಲ್ಲಿ ಗೊತ್ತಾ? ಮಲ್ಟಿಪ್ಲೇಯರ್‌ನಲ್ಲಿ, ಅಂದರೆ ಬೇರೆಯವರ ಎದುರು ಆಡುವಾಗ. ಮೊದಲು ಎದುರಾಳಿಯ ಶೀಲ್ಡ್ ಜನರೇಟರ್ ಒಡೆಯಬೇಕು, ಆಮೇಲೆ ಟರೆಟ್ (ಕಾವಲು ಫಿರಂಗಿ), ಕೊನೆಗೆ ಪವರ್ ಕೋರ್; ಅದು ಒಡೆದರೆ ಗೆದ್ದಂತೆ. ಒಬ್ಬೊಬ್ಬ ಹೀರೋನನ್ನು ನಡೆಸಿ ಎದುರಾಳಿಯ ನೆಲೆ ಒಡೆಯುವ ಡೋಟಾ ಆಟ ಆಡಿದ ಹಾಗೇ ಅಲ್ವಾ? ಸೈನ್ಯ ಬಿಟ್ಟು ಹೀರೋಗಳ ಹಿಂದೆಯೇ ಓಡುತ್ತಿರುತ್ತೀರಿ. ಅಷ್ಟು ಭಾರದ ಟರ್ಮಿನೇಟರ್ ಕವಚ ತೊಟ್ಟ ಹೀರೋ ಗೇಬ್ರಿಯಲ್ ಆಂಜೆಲೋಸ್ ಸರ್ಕಸ್‌ನವನ ಥರ ಪಲ್ಟಿ ಹೊಡೆದಾಗ ನನಗಂತೂ ನಗು ತಡೆಯಲಾಗಲಿಲ್ಲ. ಗೋಡೆ ಮರೆಯಲ್ಲಿ ನಿಂತು ಗುಂಡು ಹಾರಿಸುವ, ಎರಡನೇ ಆಟದ ಆ ಮಜಾನೂ ಹೆಚ್ಚುಕಮ್ಮಿ ಇಲ್ಲ.

ಆಟದ ಒಂದು ಪಡೆಯಾದ ಓರ್ಕ್‌ಗಳ ಮಾತು ಮಾತ್ರ ಸೂಪರ್, ಅದನ್ನು ಒಪ್ಪಲೇಬೇಕು. ಆದರೆ 2018ರಲ್ಲೇ ಆಟ ಮಾಡಿದವರು ಹೊಸದೇನೂ ಸೇರಿಸುವುದಿಲ್ಲ ಅಂತ ಕೈ ಬಿಟ್ಟರು.

ಸುಮ್ನೆ ಮೊದಲ ಆಟದ ಮುಂದುವರಿದ ಭಾಗ, 2006ರ ಡಾರ್ಕ್ ಕ್ರುಸೇಡ್ ತಗೊಳ್ಳಿ. ಏಳು ಪಡೆಗಳಿವೆ, ಮೂಲ ಆಟ ಇಲ್ಲದೆಯೂ ನಡೆಯುತ್ತದೆ. ನಿಮ್ಮ ಹಳೇ ಲ್ಯಾಪ್‌ಟಾಪಿಗೂ ಜಾಸ್ತಿ ಭಾರ ಆಗಲ್ಲ.