ಗದ್ಯಭಾಗದಲ್ಲಿ ಲೇಖಕರ ಧೋರಣೆ ಗುರುತಿಸುವುದು: ಪ್ರತಿಕ್ರಿಯೆ

ಪರೀಕ್ಷೆಯಲ್ಲಿ ಗದ್ಯ ಕೊಟ್ಟು ಕೇಳುವ ಪ್ರಶ್ನೆಗಳ ಪೈಕಿ ಮಾಹಿತಿ ಕೇಳುವುದು ಸರಿಯಾಗುತ್ತದೆ, ‘ಲೇಖಕರ ಧೋರಣೆ ಏನು’ ಅನ್ನುವುದು ಮಾತ್ರ ತಪ್ಪುತ್ತದೆ ಅಂದಿದ್ದೀರಿ. ಬಹುಶಃ ವಿಷಯ ಓದಿ ನಿಮಗೆ ಅನಿಸಿದ್ದನ್ನೇ ಲೇಖಕರ ಮಾತು ಅಂದುಕೊಳ್ಳುತ್ತಿದ್ದೀರಿ. ತುಂಗಭದ್ರಾ ಜಲಾಶಯದಲ್ಲಿ ಹೂಳು ತುಂಬಿರುವ ಬಗ್ಗೆ ನೀವು ಹಾಕಿದ ಗದ್ಯಕ್ಕೆ ಲೇಖಕರ ಧೋರಣೆ ‘ಆಕ್ರೋಶ’ ಅಂತ ಆರಿಸಿದ್ದೂ ಅದಕ್ಕೇ ಇರಬೇಕು. ಕೊಪ್ಪಳದವರಿಗೆ ಆ ವಿಷಯದಲ್ಲಿ ಸಿಟ್ಟು ಬರುವುದು ಸಹಜ ಅಲ್ವಾ?

ಮೊದಲು ಗದ್ಯ ಪೂರ್ತಿ ಓದಿ, ಲೇಖಕರು ಹೇಳಿದ್ದನ್ನು ಒಂದು ಸಾಲಿನಲ್ಲಿ ಬರೆದುಕೊಳ್ಳಿ. ಆಮೇಲೆ ಅಂಕಿ-ಸಂಗತಿ ಬಿಟ್ಟು, ಅವುಗಳ ಸುತ್ತಲಿನ ಪದಗಳಿಗೆ ಪೆನ್ಸಿಲ್ ಗೆರೆ ಎಳೆಯಿರಿ. ಇದಕ್ಕೇ ಜಾಸ್ತಿ ಸಮಯ ಕೊಡಿ. ‘ಜಲಾಶಯದ ಸಾಮರ್ಥ್ಯ 133 ಟಿಎಂಸಿಯಿಂದ ಸುಮಾರು 105ಕ್ಕೆ ಇಳಿದಿದೆ’ ಅಂದರೆ ಬರೀ ಮಾಹಿತಿ. ‘105ಕ್ಕೆ ಇಳಿದರೂ ಅಧಿಕಾರಿಗಳು ಇನ್ನೂ ಸಭೆಯನ್ನೇ ಮಾಡುತ್ತಿದ್ದಾರೆ’ ಅಂದರೆ ಟೀಕೆ. ‘105ಕ್ಕೆ ಇಳಿದರೂ ನವಲಿಯಲ್ಲಿ ಕಟ್ಟಬೇಕೆಂದಿರುವ ಸಮತೋಲನ ಜಲಾಶಯದಿಂದ (ಹೆಚ್ಚುವರಿ ನೀರು ಹಿಡಿದಿಡುವ ಜಲಾಶಯ) ದಾರಿ ಸಿಗಬಹುದು’ ಅಂದರೆ ಎಚ್ಚರದ ಭರವಸೆ. ಅಂಕಿ ಅದೇ, ‘ಇನ್ನೂ’, ‘ಸಭೆಯನ್ನೇ’, ‘ಬಹುದು’ ಇವೇ ಧೋರಣೆ ಹೇಳುವುದು. ‘ಆದರೆ’ ಬಂದ ಕಡೆ ಅದರ ನಂತರದ ಮಾತಿಗೆ ಸಾಮಾನ್ಯವಾಗಿ ತೂಕ ಹೆಚ್ಚು.

ಆಯ್ಕೆಗಳನ್ನು ಕೊನೆಗೆ ನೋಡಿ. ತೀರಾ ಜೋರಾದ ಪದ ಇದ್ದರೆ, ಅಷ್ಟೇ ಜೋರಿನ ಸಾಲು ಗದ್ಯದಲ್ಲಿ ತೋರಿಸಲು ಆಗುತ್ತಾ? ಆಗದಿದ್ದರೆ ಬಿಟ್ಟುಬಿಡಿ.

‘ಕಳವಳ’ ಮತ್ತು ‘ಟೀಕೆ’ ಮಧ್ಯೆ ಆರಿಸುವುದು ನಿಜಕ್ಕೂ ಕಷ್ಟ. ಯಾರನ್ನಾದರೂ ಹೊಣೆ ಮಾಡಿದ್ದರೆ ಟೀಕೆ ಅಂತ ನಾನು ತೆಗೆದುಕೊಳ್ಳುತ್ತೇನೆ. ಎಲ್ಲ ಪ್ರಶ್ನೆಪತ್ರಿಕೆಗೂ ಇದು ಹೊಂದುತ್ತದೆ ಅಂತ ಖಾತ್ರಿ ಕೊಡಲಾರೆ. ನೀವು ಹಾಕಿದ ಗದ್ಯದಲ್ಲಿ ಯಾರ ಮೇಲೂ ಹೊಣೆ ಹೊರಿಸಿಲ್ಲ, ಅದಕ್ಕೆ ‘ಕಳವಳ’ ಆರಿಸಿ.