ಶಿಯರ್ ವಲಯದ ಗ್ರಾನೈಟಿನಲ್ಲಿ ಹರಿದ ನೀರು ಎಲ್ಲಿಯದು?

ಪ್ರಶ್ನೆ: ನೆಲದಾಳದಲ್ಲಿ ಬಂಡೆಯ ಎರಡು ಭಾಗಗಳು ಎದುರುಬದುರಾಗಿ ಸರಿದ ಶಿಯರ್ ವಲಯಗಳಲ್ಲಿ ಗ್ರಾನೈಟು ಅಭ್ರಕ ತುಂಬಿದ ಪದರಗಲ್ಲಾಗುತ್ತದೆ, ಅದಕ್ಕೆ ಆಳದಿಂದ ಬಂದ ನೀರು ಕಾರಣ ಎಂದು ಓದಿದ್ದೇನೆ. ಆ ನೀರು ಎಂದೋ ಹೊರಟುಹೋಗಿರುವಾಗ, ಅದು ಇಂಗಿದ ಮಳೆನೀರಲ್ಲ ಎಂದು ಐಸೊಟೋಪುಗಳಿಂದ ಹೇಗೆ ತಿಳಿಯುತ್ತಾರೆ?
– ಭೂವಿಜ್ಞಾನದ ವಿದ್ಯಾರ್ಥಿನಿ, ರಾಮನಗರ

ಉತ್ತರ: ನೀರು ಹೋದರೂ ಅದರ ಪರಮಾಣುಗಳಲ್ಲಿ ಒಂದು ಪಾಲು ಬಂಡೆಯಲ್ಲೇ ಉಳಿದಿರುತ್ತದೆ. ಫೆಲ್ಡ್‌ಸ್ಪಾರ್ ಖನಿಜವು ನೀರಿನೊಡನೆ ವರ್ತಿಸಿ ಬಿಳಿ ಅಭ್ರಕವಾಗುವಾಗ ಆ ನೀರಿನ ಹೈಡ್ರೋಜನ್ ಹೊಸ ಹರಳಿನ ರಚನೆಯನ್ನು ಸೇರುತ್ತದೆ, ಆಕ್ಸಿಜನ್ ಕೂಡ ಅದಲುಬದಲಾಗುತ್ತದೆ. ಒಂದೇ ಮೂಲವಸ್ತುವಿನ ಬೇರೆ ಬೇರೆ ತೂಕದ ಪರಮಾಣುಗಳೇ ಐಸೊಟೋಪುಗಳು. ನಿಸರ್ಗದ ಆಕ್ಸಿಜನ್‌ನಲ್ಲಿ ಸುಮಾರು 500ಕ್ಕೆ ಒಂದರಂತೆ ಇರುವ ಭಾರದ ಆಕ್ಸಿಜನ್-18 ವಿಕಿರಣ ಸೂಸಿ ಕ್ಷಯಿಸುವುದಿಲ್ಲವಾದ್ದರಿಂದ ಅದರ ಪ್ರಮಾಣ ಕಾಲ ಕಳೆದ ಮಾತ್ರಕ್ಕೆ ಬದಲಾಗದು. ಸಮುದ್ರದ ನೀರನ್ನು ಸೊನ್ನೆಯೆಂದು ಹಿಡಿದು ಸಾವಿರಕ್ಕೆ ಎಷ್ಟು ಹೆಚ್ಚು ಅಥವಾ ಕಡಿಮೆ ಎಂದು ಲೆಕ್ಕ ಹಾಕಿದರೆ, ಬಹುಪಾಲು ಗ್ರಾನೈಟುಗಳ ಆಕ್ಸಿಜನ್ ಅಂಕಿ 6ರಿಂದ 10ರ ನಡುವೆ ಬರುತ್ತದೆ. ಮಳೆನೀರಿನದು ಸಾಮಾನ್ಯವಾಗಿ ಸೊನ್ನೆಗಿಂತ ಕೆಳಗೆ. ಅದರ ಹೈಡ್ರೋಜನ್ ಅಂಕಿಯು (ಭಾರದ ಹೈಡ್ರೋಜನ್ನಿಗೆ ಇದೇ ರೀತಿ ಲೆಕ್ಕ ಹಾಕಿದ್ದು) ಆಕ್ಸಿಜನ್ ಅಂಕಿಯ ಎಂಟು ಪಟ್ಟಿಗೆ ಹತ್ತು ಕೂಡಿಸಿದಷ್ಟಿರುತ್ತದೆ ಎಂಬ ನಂಟನ್ನು 1961ರಲ್ಲಿ ಭೂರಸಾಯನ ವಿಜ್ಞಾನಿ ಹಾರ್ಮನ್ ಕ್ರೇಗ್ ತೋರಿಸಿಕೊಟ್ಟರು.

ಆದರೆ ಆಕ್ಸಿಜನ್ ಒಂದನ್ನೇ ಅಳೆದು ತೀರ್ಪು ಕೊಡುವುದು ಅಪಾಯಕರ ಎಂಬುದನ್ನು ನಾನು ಒತ್ತಿ ಹೇಳಬೇಕು. ಗ್ರಾನೈಟಿನ ತೂಕದಲ್ಲಿ ಸುಮಾರು ಅರ್ಧದಷ್ಟು ಆಕ್ಸಿಜನ್ನೇ ಇದೆ. ಹೈಡ್ರೋಜನ್ ಮಾತ್ರ ಅತ್ಯಲ್ಪ. ಹೀಗಾಗಿ ಬಿಸಿಬಂಡೆಯ ಸಂದುಗಳಲ್ಲಿ ಸ್ವಲ್ಪವೇ ಮಳೆನೀರು ಹರಿದರೆ, ಅದು ಬಂಡೆಯ ಆಕ್ಸಿಜನ್ ಅಂಕಿಯನ್ನು ಕದಲಿಸುವ ಬದಲು ತಾನೇ ಬಂಡೆಯ ಅಂಕಿಗೆ ಹೊಂದಿಕೊಂಡು, ಆಳದ ನೀರಿನಂತೆಯೇ ಕಾಣತೊಡಗುತ್ತದೆ. ಬಂಡೆಯಲ್ಲಿ ಪೈಪೋಟಿಗೆ ಹೈಡ್ರೋಜನ್ ಇಲ್ಲದಿರುವುದರಿಂದ ಅದರ ಹೈಡ್ರೋಜನ್ ಗುರುತು ಮಾತ್ರ ಅಷ್ಟು ಬೇಗ ಅಳಿಸದೆ ಅಭ್ರಕದಲ್ಲಿ ದಾಖಲಾಗುತ್ತದೆ. ಶಿಲಾರಸದಿಂದ ಬಿಡುಗಡೆಯಾದ ನೀರಿನ ಹೈಡ್ರೋಜನ್ ಅಂಕಿ ಸಾಮಾನ್ಯವಾಗಿ ಮೈನಸ್ 40ರಿಂದ ಮೈನಸ್ 80. ಅಮೆರಿಕದ ಐಡಹೊ ಗ್ರಾನೈಟುಗಳ ಕಪ್ಪು ಅಭ್ರಕದಲ್ಲಿ ಭೂರಸಾಯನ ವಿಜ್ಞಾನಿ ಹ್ಯೂ ಟೇಲರ್ ಮತ್ತು ಅವರ ಸಹೋದ್ಯೋಗಿಗಳಿಗೆ ಮೈನಸ್ 150ಕ್ಕೂ ಕೆಳಗಿನ ಅಂಕಿಗಳು ಸಿಕ್ಕವು. ಮಳೆನೀರು ನೆಲದೊಳಗೆ ಇಳಿದು, ಕಾದು, ಬಂಡೆಯೊಳಗೆ ಸುತ್ತಾಡಿತ್ತು ಎಂಬುದಕ್ಕೆ ಅದು ಬಲವಾದ ಸಾಕ್ಷಿ. ಐಸೊಟೋಪು ಹೇಳುವುದು ನೀರಿನ ಮೂಲವನ್ನೇ ಹೊರತು, ಅದು ಎಷ್ಟು ಆಳದಲ್ಲಿ ಹರಿಯಿತು ಎಂಬುದನ್ನಲ್ಲ.

ಅಭ್ರಕದ ಅಂಕಿಯಿಂದ ನೀರಿನ ಅಂಕಿಗೆ ಬರಲು ಅಂದಿನ ಉಷ್ಣತೆ ಗೊತ್ತಿರಬೇಕು. ಒಟ್ಟಿಗೆ ಬೆಳೆದ ಬೆಣಚು ಮತ್ತು ಅಭ್ರಕಗಳ ನಡುವಿನ ಆಕ್ಸಿಜನ್ ವ್ಯತ್ಯಾಸದಿಂದ ಅದನ್ನು ಅಂದಾಜಿಸಬಹುದು. ಬೆಣಚು ನಿಧಾನವಾಗಿಯೂ ಫೆಲ್ಡ್‌ಸ್ಪಾರ್ ಬೇಗನೆಯೂ ಆಕ್ಸಿಜನ್ ಬದಲಿಸಿಕೊಳ್ಳುವುದರಿಂದ, ಇವೆರಡರ ನಡುವೆ ಸಹಜವಾಗಿ ಒಂದೆರಡು ಅಂಕಿಯಷ್ಟಿರಬೇಕಾದ ಅಂತರ ವಿಪರೀತವಾಗಿದ್ದರೆ, ಬಂಡೆ ರೂಪುಗೊಂಡ ಬಳಿಕ ಬೇರೆ ನೀರು ನುಗ್ಗಿದೆ ಎಂದು ಅನುಮಾನಿಸಬೇಕು. ಶಿಯರ್ ವಲಯದ ನಡುಮಧ್ಯದಿಂದ ಕದಡದ ಗ್ರಾನೈಟಿನವರೆಗೆ ಅಡ್ಡಲಾಗಿ ಸಾಲು ಮಾದರಿಗಳನ್ನು ತೆಗೆಯುವುದು ಇದಕ್ಕಾಗಿಯೇ. ಹೋಲಿಸಲು ಮೂಲಬಂಡೆ ಇಲ್ಲದಿದ್ದರೆ ವಲಯದೊಳಗಿನ ಅಂಕಿಗೆ ಅರ್ಥವಿಲ್ಲ.

ಆಳದ ದ್ರವವೆಲ್ಲ ನೀರೇ ಆಗಿರಬೇಕಿಲ್ಲ. ನಿಮಗೆ ಸಮೀಪದ, ಕನಕಪುರ ಸೀಮೆಯ ಕಬ್ಬಾಳದುರ್ಗದಲ್ಲಿ ಬೂದುಬಣ್ಣದ ನೈಸ್ ಶಿಲೆಯು ತೇಪೆತೇಪೆಯಾಗಿ ಚಾರ್ನಕೈಟ್ ಎಂಬ ಕಡುಬಣ್ಣದ ಶಿಲೆಯಾಗಿ ಬದಲಾಗಿರುವುದನ್ನು ಭೂವಿಜ್ಞಾನಿ ಸಿ. ಎಸ್. ಪಿಚ್ಚಮುತ್ತು ಅವರು 1960ರಲ್ಲಿ ವರದಿ ಮಾಡಿದರು. ಶಿಯರ್ ಗೆರೆಗಳ ಗುಂಟ ಏರಿಬಂದ, ಇಂಗಾಲದ ಡೈಆಕ್ಸೈಡ್ ಹೆಚ್ಚಿದ್ದ ದ್ರವವೇ ಇದಕ್ಕೆ ಕಾರಣ ಎಂಬ ವಾದ ನಂತರ ಪ್ರಬಲವಾಯಿತು. ಇಂಥ ಕಡೆ ಇಂಗಾಲದ ಐಸೊಟೋಪುಗಳನ್ನು ಅಳೆಯಬೇಕಾಗುತ್ತದೆ. ಭೂಮಿಯ ಹೊರಚಿಪ್ಪಿನ ಕೆಳಗಿನ ಪದರವಾದ ಮ್ಯಾಂಟಲಿನ ಇಂಗಾಲದ ಅಂಕಿ ಸುಮಾರು ಮೈನಸ್ 5ರಿಂದ ಮೈನಸ್ 7, ಸಮುದ್ರದ ಸುಣ್ಣಗಲ್ಲಿನದು ಸೊನ್ನೆಯ ಆಸುಪಾಸು, ಜೀವಿಮೂಲದ್ದು ಮೈನಸ್ 25ರ ಸುತ್ತಮುತ್ತ. ಸುಣ್ಣಗಲ್ಲಿನ ಮತ್ತು ಜೀವಿಮೂಲದ ಇಂಗಾಲ ಸುಮಾರು ಮೂರಕ್ಕೆ ಒಂದರಂತೆ ಬೆರೆತರೂ ಮೈನಸ್ 6 ಬಂದುಬಿಡುತ್ತದೆಯಾದ್ದರಿಂದ, ಆ ಅಂಕಿ ಸಿಕ್ಕಿತೆಂದು ಮ್ಯಾಂಟಲೇ ಮೂಲವೆಂದು ನಿರ್ಧರಿಸುವ ಮೊದಲು ಸುತ್ತಲಿನ ಬಂಡೆಗಳಲ್ಲಿ ಸುಣ್ಣಗಲ್ಲೂ ಜೀವಿಮೂಲದ ಇಂಗಾಲದಿಂದಾದ ಗ್ರಾಫೈಟೂ ಇವೆಯೇ ಎಂದು ನೋಡಿಕೊಳ್ಳಬೇಕು.