ಓದದೇ ‘ಕಸ’ ಅಂದರೆ ಸಾಕಾ?

ಸಲಹೆ ಕೇಳಿ ಬರುವ ಕುಟುಂಬಗಳಿಂದ ಈ ಜಗಳ ನನ್ನ ಹತ್ತಿರ ಪದೇ ಪದೇ ಬರುತ್ತದೆ. ಮನೆಯಲ್ಲಿ ಒಬ್ಬರು ಎಲ್ಲಿಂದಲೋ ಒಂದು ಬರಹ ತರುತ್ತಾರೆ. ಇನ್ನೊಬ್ಬರು ಅದು ಎಲ್ಲಿಂದ ಬಂತು ಎಂದು ನೋಡಿಯೇ ತಳ್ಳಿಹಾಕುತ್ತಾರೆ. ಗುರುತು ಸಿಗದ ಹಾಗೆ ವಿವರ ಬದಲಿಸಿ ಒಂದು ಪ್ರಕರಣ ಹೇಳುತ್ತೇನೆ.

ಗಂಡ, ಹೆಂಡತಿ, ಪುಟ್ಟ ಮಗು. ದಡಾರ, ಮಂಗನಬಾವು, ರುಬೆಲ್ಲಾ ತಡೆಯುವ ಎಂಎಂಆರ್ ಲಸಿಕೆಯಿಂದ ಆಟಿಸಂ (ಮಾತು, ಜನರೊಂದಿಗಿನ ಒಡನಾಟ ಕಷ್ಟವಾಗಬಹುದಾದ ಬೆಳವಣಿಗೆಯ ಸ್ಥಿತಿ) ಬರುತ್ತದೆ ಎಂದು ಆಕೆಗೆ ಭಯ. ಪ್ರಿಂಟ್ ತೆಗೆಸಿದ ಹಾಳೆಗಳ ಕಟ್ಟನ್ನೇ ತಂದಿದ್ದರು, ಪುಟಪುಟಕ್ಕೂ ಹೈಲೈಟರ್ ಎಳೆದಿದ್ದರು. ಗಂಡ ಅದನ್ನು ಮುಟ್ಟಿಯೂ ನೋಡಿರಲಿಲ್ಲ.

“ಕಸ ಅಂತ ಗೊತ್ತಿದ್ದ ಮೇಲೆ ಯಾಕೆ ಓದಬೇಕು ಮೇಡಂ?”

“ಓದದೇ ಕಸ ಅಂತ ಹೇಗೆ ಗೊತ್ತಾಯ್ತು ಇವರಿಗೆ?”

ಆಕೆಯ ಪ್ರಶ್ನೆ ನ್ಯಾಯವಾದದ್ದೇ. ಹಾಗಂತ ಇಡೀ ಕಟ್ಟು ಓದಿ ಎನ್ನುವುದೂ ಸರಿಯಲ್ಲ, ಅದಕ್ಕೆ ಕೊನೆಯೇ ಇರುವುದಿಲ್ಲ. ಅದಕ್ಕೇ, “ಇದರಲ್ಲಿ ನಿಮಗೆ ತುಂಬಾ ಗಟ್ಟಿ ಅನ್ನಿಸಿದ ಒಂದೇ ಮಾತು ಆರಿಸಿ” ಎಂದೆ. ಅದರ ಬುಡ ಎಲ್ಲಿದೆ ಎಂದು ಇಬ್ಬರೂ ಸೇರಿ ಹುಡುಕಬೇಕು. ಏನು ಸಿಕ್ಕರೆ ಮನಸ್ಸು ಬದಲಿಸುತ್ತೇವೆ ಎಂದು ಮೊದಲೇ ಬರೆದಿಡಬೇಕು, ಗಂಡ ಕೂಡ. ಈ ಚರ್ಚೆ ಮುಗಿಯಲಿ ಎಂದು ಲಸಿಕೆ ಮುಂದೂಡಬೇಡಿ, ಮಕ್ಕಳ ಡಾಕ್ಟರನ್ನು ಕಾಣಿ ಎಂದೂ ಹೇಳಿದೆ.

ಬುಡದಲ್ಲಿ ಸಿಕ್ಕಿದ್ದು ಬ್ರಿಟಿಷ್ ವೈದ್ಯ ಆಂಡ್ರ್ಯೂ ವೇಕ್‌ಫೀಲ್ಡ್ ಮತ್ತು ಜೊತೆಯವರು ಈ ಲಸಿಕೆಗೂ ಆಟಿಸಂಗೂ ನಂಟಿರಬಹುದು ಎಂದು 1998ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬರೆದ ಲೇಖನ. “ಬರೀ 12 ಮಕ್ಕಳು ಮೇಡಂ” ಎಂದರು ಆಕೆ, ಸ್ವಲ್ಪ ಪೆಚ್ಚಾಗಿ. 2010ರಲ್ಲಿ ಪತ್ರಿಕೆ ಅದನ್ನು ಹಿಂತೆಗೆದುಕೊಂಡಿತ್ತು. ಲಸಿಕೆ ಕಂಪನಿಗಳ ಮೇಲೆ ಕೇಸು ಹಾಕಲು ಹೊರಟಿದ್ದ ವಕೀಲರಿಂದ ಆತ ಹಣ ಪಡೆದಿದ್ದೂ ಬಯಲಾಗಿತ್ತು.

“ನೋಡಿದ್ಯಾ? ದುಡ್ಡು ತಿಂದವನ ಮಾತು!” ಎಂದು ಗಂಡ ಗೆದ್ದವರ ಹಾಗೆ ಕೂತರು.

ಆಕೆ ತಿರುಗಿಬಿದ್ದರು: “ಲಸಿಕೆ ಕಂಪನಿಗಳೇನು ಧರ್ಮಕ್ಕೆ ಕೊಡ್ತಾವಾ?”

ಇಡೀ ಪ್ರಕರಣ ತಿರುಗಿದ್ದು ಇಲ್ಲಿ. ಇಬ್ಬರ ಕೈಯಲ್ಲೂ ಇದ್ದದ್ದು ಒಂದೇ ಆಯುಧ. ಹೇಳಿದವರಿಗೆ ಲಾಭ ಇದೆ ಎಂದರೆ ಇನ್ನೂ ಹುಷಾರಾಗಿ ಪರೀಕ್ಷಿಸಬೇಕು, ಅಷ್ಟೇ. ಸುಳ್ಳು ಎಂದು ಅದರಿಂದಲೇ ತೀರ್ಮಾನ ಆಗುವುದಿಲ್ಲ. ವೇಕ್‌ಫೀಲ್ಡ್ ಬರೆದದ್ದು ಆ ಮಕ್ಕಳ ಆಸ್ಪತ್ರೆ ದಾಖಲೆಗಳಿಗೆ ತಾಳೆಯಾಗಲಿಲ್ಲ. ಡೆನ್ಮಾರ್ಕಿನಲ್ಲಿ 6.5 ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ಗಮನಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಲಸಿಕೆಗೂ ಆಟಿಸಂಗೂ ನಂಟು ಕಾಣಲಿಲ್ಲ. ಇದನ್ನು ಆಕೆಗೆ ಹೇಳಿದೆ.

ಗಂಡನಿಗೆ ಬೇರೆ ಹೇಳಬೇಕಿತ್ತು: ಯಾರೂ ನಂಬದ ಮಾತೂ ಪರೀಕ್ಷಿಸಿದರೆ ನಿಜವಾಗಬಹುದು. ಹೊಟ್ಟೆಯ ಹುಣ್ಣಿಗೆ ಬ್ಯಾಕ್ಟೀರಿಯಾ ಕಾರಣ ಎಂದಾಗ ಆಸ್ಟ್ರೇಲಿಯಾದ ವೈದ್ಯ ಬ್ಯಾರಿ ಮಾರ್ಷಲ್ ಅವರನ್ನೂ ಹೆಚ್ಚಿನವರು ನಂಬಿರಲಿಲ್ಲ. 1984ರಲ್ಲಿ ಅವರು ಆ ಬ್ಯಾಕ್ಟೀರಿಯಾವನ್ನೇ ಕುಡಿದು ತೋರಿಸಿದರು. ಬೇರೆಯವರೂ ಪರೀಕ್ಷಿಸಿದರು, ಅವರ ಮಾತು ನಿಜ ಎಂದಾಯಿತು. 2005ರಲ್ಲಿ ಅವರ ಜೊತೆ ಸಂಶೋಧನೆ ಮಾಡಿದ್ದ ರಾಬಿನ್ ವಾರೆನ್ ಅವರಿಗೂ ಸೇರಿಸಿ ನೊಬೆಲ್ ಬಂತು.

ಇಂಥದ್ದಕ್ಕೆಲ್ಲ ಮರ್ಯಾದೆ ಕೊಟ್ಟು ಕೂರಿಸುತ್ತೀರಲ್ಲ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ನಾನು ಒಪ್ಪುವುದಿಲ್ಲ. ಸಭೆಯಲ್ಲಾದರೆ ವೇಕ್‌ಫೀಲ್ಡ್ ವಾದಕ್ಕೆ ಸಮಪಾಲು ಸಮಯ ನಾನೂ ಕೊಡುತ್ತಿರಲಿಲ್ಲ. ಆದರೆ ಇಲ್ಲಿ ಕೂತಿದ್ದು ಆತನಲ್ಲ, ಮಗುವಿನ ಬಗ್ಗೆ ಹೆದರಿದ ತಾಯಿ. ಆಕೆಯ ಹಾಳೆ ತಳ್ಳಿದರೆ ಆಕೆಯನ್ನೇ ತಳ್ಳಿದ ಹಾಗೆ, ಅಲ್ವಾ? ಅದೇ ಮಾತು ಎರಡನೇ ಸಲ ಬಂದರೆ ಮಾತ್ರ ಮತ್ತೆ ಮೊದಲಿನಿಂದ ಶುರು ಮಾಡಬೇಕಿಲ್ಲ.

ಲಸಿಕೆ ಹಾಕಿಸಿದರು. ಹಾಳೆ ತರುವುದನ್ನು ಆಕೆ ಬಿಟ್ಟಿಲ್ಲ. ಈಗ ಗಂಡ, “ಇದರ ಬುಡ ಎಲ್ಲಿದೆ?” ಎಂದು ಕೇಳುತ್ತಾರಂತೆ. ಕೆಲವು ಸಲ ಸುಮ್ನೆ ರೇಗಿಸಲು.